ದೋಣಿಯ ತಳದ ತಾಮ್ರ

ಆ ಟಿಪ್ಪಣಿಯ ಕೊನೆಯ ವಾಕ್ಯ ಹೀಗಿತ್ತು: ‘ನಮ್ಮ ಕರಾವಳಿಯ ಮಚವೆಗಳ ತಳಕ್ಕೂ ಹಿಂದೆ ತಾಮ್ರದ ತಗಡು ಹೊಡೆಯುತ್ತಿದ್ದರು.’ ಬರೆದವನು ನಾನು. ಬರೆಯುವಾಗ ಒಂದು ಕ್ಷಣವೂ ಕೈ ತಡೆಯಲಿಲ್ಲ. ಕುಮಟೆಯಲ್ಲಿರುವ ನಮ್ಮ ಸಂಪಾದಕಿ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ‘ಯಾರು ನೋಡಿದ್ದು?’ ಎಂದು ಬರೆದು ಹಾಳೆಯನ್ನು ನನ್ನ ಕಡೆ ತಳ್ಳಿದರು.

ನಾವು ಮಾಡುತ್ತಿದ್ದದ್ದು ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ಮಕ್ಕಳಿಗಾಗಿ ಒಂದು ಪುಸ್ತಕ. ಇಂಗ್ಲಿಷಿನ ಜೋಡುಪದಗಳು, ಅವುಗಳ ಅರ್ಥ, ಅವು ಹುಟ್ಟಿದ ಬಗೆ. ಸಂಪಾದಕಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಇಡೀ ಪೇಟೆಗೆ ಅವರು ‘ಅಕ್ಕೋರು’. ಟಿಪ್ಪಣಿಗಳನ್ನು ಬರೆಯುವ ಕೆಲಸ ನನ್ನದು. ಪ್ರತಿ ಪದದ ಕೊನೆಗೆ ‘ನಮ್ಮ ಕಡೆ’ ಎಂದು ಒಂದು ಪ್ಯಾರಾ ಇರಬೇಕೆಂದು ಹಟ ಹಿಡಿದವನೂ ನಾನೇ. ಆ ಪದದ ಹಿಂದಿರುವ ವಸ್ತುವೋ ಕೆಲಸವೋ ನಮ್ಮ ಊರುಗಳಲ್ಲಿ ಹೇಗಿತ್ತು ಎಂದು ಅದರಲ್ಲಿ ಹೇಳಬೇಕು. ಅದಿಲ್ಲದಿದ್ದರೆ ನಮ್ಮ ಪುಸ್ತಕ ಇಂಗ್ಲಿಷ್ ನಿಘಂಟಿನ ನೆರಳಷ್ಟೇ ಆಗುತ್ತದೆ ಎಂಬುದು ನನ್ನ ವಾದವಾಗಿತ್ತು.

ಪದ ‘ಕಾಪರ್-ಬಾಟಮ್ಡ್’. ಕಾಪರ್-ಬಾಟಮ್ಡ್ ಗ್ಯಾರಂಟಿ ಎಂದರೆ ಎಲ್ಲಿಯೂ ಸೋರದ, ಕಣ್ಣು ಮುಚ್ಚಿ ನಂಬಬಹುದಾದ ಭರವಸೆ. ಹುಟ್ಟು ಮಾತ್ರ ಅಕ್ಷರಶಃ ಸಮುದ್ರದ್ದು. ಬೆಚ್ಚಗಿನ ಉಪ್ಪುನೀರಿನಲ್ಲಿ ಮರವನ್ನು ಒಳಗಿನಿಂದ ಕೊರೆಯುವ ಒಂದು ಹುಳ ಇದೆ. ಹೊರಗಿನಿಂದ ಸೂಜಿಮೊನೆಯಷ್ಟು ತೂತು, ಒಳಗೆ ಹಲಗೆಯೆಲ್ಲ ಜೇನುಗೂಡು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರು ತಮ್ಮ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊಡೆಯತೊಡಗಿದರು. ಹುಳ ಒಳಗೆ ಹೋಗುವುದು ನಿಂತಿತು, ಪಾಚಿ ಚಿಪ್ಪುಗಳೂ ಹಿಡಿಯಲಿಲ್ಲ, ಹಡಗು ಚುರುಕಾಗಿ ಓಡಿತು. ಸರಕು ಕಳಿಸುವವರು ಅಂಥ ಹಡಗನ್ನೇ ಕೇಳಿ ಕಳಿಸುವಂತಾಯಿತು. ಮುಂದೆ ಆ ವಿಶೇಷಣ ಹಡಗಿನಿಂದ ಇಳಿದು ವ್ಯಾಪಾರಕ್ಕೆ, ವ್ಯಾಪಾರದಿಂದ ಮನುಷ್ಯರ ಮಾತಿಗೆ ಹತ್ತಿಕೊಂಡಿತು. ಒಂದು ತೊಡಕೂ ಇತ್ತು. ಹಲಗೆಗಳನ್ನು ಹಿಡಿದ ಮೊಳೆಗಳು ಕಬ್ಬಿಣದ್ದಾದರೆ, ಉಪ್ಪುನೀರಿನಲ್ಲಿ ತಾಮ್ರದ ಪಕ್ಕದಲ್ಲಿದ್ದ ತಪ್ಪಿಗೆ ಅವು ಬೇಗ ಸವೆದುಹೋಗುತ್ತಿದ್ದವು. ಹೊರಗೆ ಹೊಳೆಯುವ ತಗಡು, ಒಳಗೆ ಕರಗುವ ಮೊಳೆ. ಮೊಳೆಯನ್ನೂ ತಾಮ್ರದ್ದೇ ಮಾಡಿದ ಮೇಲೆ ಆ ಹಡಗುಗಳು ನಿಜಕ್ಕೂ ನಂಬಿಕೆಗೆ ತಕ್ಕವಾದವು.

ಇಷ್ಟರ ಬಗ್ಗೆ ಅಕ್ಕೋರ ತಕರಾರು ಇರಲಿಲ್ಲ.

“ಯಾರು ನೋಡಿದ್ದು ಅಂದ್ರೆ ನಾನೇ ನೋಡಿದ್ದು” ಎಂದೆ. “ಹೊನ್ನಾವರ ಬಂದರದಲ್ಲಿ.”

“ನಿಮಗೆ ಆಗ ಎಷ್ಟು ವರ್ಷ?”

“ಶಾಲೆಗೆ ಸೇರಿರ್ಲಿಲ್ಲ.”

ಅಕ್ಕೋರು ಕನ್ನಡಕದ ಮೇಲಿನಿಂದ ನೋಡಿದರು. “ಆ ವಯಸ್ಸಲ್ಲಿ ನನ್ನ ಮೊಮ್ಮಗ ನಮ್ಮ ಬಾವೀಲಿ ಹುಲಿ ನೋಡಿದ್ದ. ಅದನ್ನೂ ಹಾಕೂದಾ?”

ಮಾದರಿಗಾಗಿ ಮೊದಲು ಅಚ್ಚಿಗೆ ಹೋಗುವುದು ಇದೇ ಟಿಪ್ಪಣಿ ಎಂದು ಆಗಲೇ ತೀರ್ಮಾನವಾಗಿತ್ತು. ಅದರಲ್ಲಿಯೇ ಸುಳ್ಳು ಇದ್ದರೆ ಉಳಿದ ‘ನಮ್ಮ ಕಡೆ’ಗಳನ್ನು ಯಾರು ನಂಬುತ್ತಾರೆ? “ನೀವು ಬಿಟ್ಟು ಬೇರೆ ಸಾಕ್ಷಿ ತನ್ನಿ. ಇಲ್ದಿದ್ರೆ ಈ ಪ್ಯಾರಾ ತೆಗೀತೆ. ಇದೊಂದೇ ಅಲ್ಲ, ಎಲ್ಲಾ ಪದದ್ದೂ ತೆಗೀತೆ” ಎಂದರು.

ಅವರಿಗೆ ನಾನು ಹೇಳದಿದ್ದ ಒಂದು ಸಂಗತಿ ಇತ್ತು. ಆ ನೋಟ ಬರೀ ದೋಣಿಯದ್ದಾಗಿರಲಿಲ್ಲ. ಅಪ್ಪ ಬಂದರದ ಹಂಚಿನ ವಖಾರಿಯಲ್ಲಿ ಕೆಲಸಕ್ಕಿದ್ದ. ಹಾಯಿ ಕಟ್ಟಿ ಹಂಚು ಸಾಗಿಸುವ ದೊಡ್ಡ ಮರದ ದೋಣಿಗಳಾದ ಮಚವೆಗಳು ಅಲ್ಲಿಗೆ ಬರುತ್ತಿದ್ದವು. ನನ್ನ ನೆನಪಿನಲ್ಲಿ ಒಂದು ಮಚವೆ ಮರಳಿನ ಮೇಲೆ ವಾಲಿಕೊಂಡಿದೆ. ಅದರ ತಳ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿದೆ. ಅಪ್ಪ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು, ನನ್ನ ಅಂಗೈಯನ್ನು ತಾಮ್ರಕ್ಕೆ ಒತ್ತುತ್ತಾನೆ. ಸುಡುತ್ತದೆ. ಅಷ್ಟೇ. ಮುಂದಿನ ಮಳೆಗಾಲದ ಹೊತ್ತಿಗೆ ಅಪ್ಪ ಇರಲಿಲ್ಲ. ಅವನು ಅಲುಗಾಡುವ, ಮೈ ಬಿಸಿ ಇರುವ ನೆನಪು ನನಗೆ ಇದೊಂದೇ. ಉಳಿದದ್ದು ಗೋಡೆಯ ಮೇಲಿನ ಫೋಟೋ.

ಧಾರವಾಡದಲ್ಲಿ ಭಾಷಾವಿಜ್ಞಾನ ಓದುವಾಗ ನಾನು ಕಲಿತದ್ದು ಮುಖ್ಯವಾಗಿ ಅನುಮಾನಿಸುವುದನ್ನು. ನೆನಪು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ಪ್ರತಿ ಸಲ ಹೊಸದಾಗಿ ಕಟ್ಟಿದ್ದು ಎಂದು ಮುಂದೆ ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಕುಮಟೆಯಿಂದ ವಾಪಸು ಬರುವ ಬಸ್ಸಿನಲ್ಲಿ ಅದೇ ಮಾತು ನನ್ನ ಮೇಲೆ ತಿರುಗಿತು. ‘ಕಾಪರ್-ಬಾಟಮ್ಡ್’ ಎಂಬ ಪದವನ್ನು ನಾನು ಮೊದಲು ಓದಿದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಅದಕ್ಕಿಂತ ಮುಂಚೆ ನನ್ನ ಮಚವೆಯ ತಳದಲ್ಲಿ ತಾಮ್ರ ಇತ್ತೆ? ಅಥವಾ ಆ ಪದವೇ ಬಂದು ತಗಡು ಹೊಡೆದು ಹೋಯಿತೆ? ಎಷ್ಟು ತಡಕಾಡಿದರೂ ಯಾವುದು ಮೊದಲು ಎಂದು ಹೇಳಲಾಗಲಿಲ್ಲ.

ಹಾಗಾಗಿ ಸಾಕ್ಷಿ ಹುಡುಕಿ ಹೊರಟೆ. ಮೊದಲು ನಮ್ಮ ಹೊನ್ನಾವರದಿಂದ ಶರಾವತಿ ಹೊಳೆಯಾಚೆಗಿರುವ ಕಾಸರಕೋಡ. ಅಲ್ಲಿ ಮಚವೆ ನಡೆಸಿದ ಹಳೆಯ ತಾಂಡೇಲ, ಅಂದರೆ ದೋಣಿಯ ಯಜಮಾನಿಕೆ ಮಾಡಿದವರು, ಒಬ್ಬರು ಇದ್ದಾರೆಂದು ಗೊತ್ತಿತ್ತು. ಹೋದಾಗ ಅವರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಅವರ ಹೆಂಡತಿ ಅಂಗಳದಲ್ಲಿ ಮುರುಗಲು ಸಿಪ್ಪೆ ಒಣಹಾಕುತ್ತಿದ್ದರು. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ಕೇಳಿದೆ.

“ಅಜ್ಜ, ಆಗೆಲ್ಲ ಮಚವೆ ತಳಕ್ಕೆ ತಾಮ್ರದ ತಗಡು ಹೊಡೀತಿದ್ರಲ್ಲ?”

“ಹೊಡೀದೆ? ತಾಮ್ರ ಇಲ್ದೆ ಮಚವೆ ನಡೀತಿತ್ತಾ!” ತಾಂಡೇಲರು ಕಾಲು ಮಡಚಿ ಕೂತರು. “ಬಿಸ್ಲಿಗೆ ಕಣ್ ಬಿಡೂಕೆ ಆಗ್ತಿರ್ಲಿಲ್ಲ ಮಾಸ್ತರೆ. ಝಳ ಝಳ!”

ನನಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಅಜ್ಜಿ ಕೊಟ್ಟ ಮುರುಗಲು ಪಾನಕ ಕುಡಿದು, ಒಂದೇ ಸಾಕ್ಷಿ ಸಾಲದು ಎಂದು ಮರುದಿನ ಭಟ್ಕಳಕ್ಕೆ ಹೋದೆ. ಬಂದರದ ಪಕ್ಕದಲ್ಲಿ ಮರದ ದೋಣಿ ರಿಪೇರಿ ಮಾಡುವ ಮೇಸ್ತ್ರಿಯೊಬ್ಬರಿದ್ದರು. ಈಗ ಬಹುಪಾಲು ಫೈಬರ್ ದೋಣಿಗಳೇ. ಮರದ ಕೆಲಸ ಯಾವಾಗಲೋ ಒಂದು. ಅವರು ಬಾಚಿ ಕೆಳಗಿಟ್ಟು ನನ್ನ ಪ್ರಶ್ನೆ ಕೇಳಿ, ಪಕ್ಕದಲ್ಲಿ ಬಲೆ ನೇಯುತ್ತಿದ್ದವರಿಗೆ ಅದನ್ನು ತಮ್ಮ ನವಾಯತಿ ಭಾಷೆಯಲ್ಲಿ ಹೇಳಿ, ಇಬ್ಬರೂ ತಲೆಯಾಡಿಸಿದರು.

“ಹೌದು ಸರ್, ತಾಮ್ರ. ನಮ್ಮ ಅಜ್ಜನ ಕಾಲ್ದಲ್ಲಿ. ಮೊಳೆಯೂ ತಾಮ್ರದ್ದೇ.”

ಮೊಳೆಯೂ ತಾಮ್ರದ್ದೇ! ಪುಸ್ತಕದಲ್ಲಿದ್ದದ್ದೇ ಇವರ ಬಾಯಲ್ಲೂ ಬಂತಲ್ಲ ಎಂದು ನಾನು ಅಲ್ಲಿಂದಲೇ ಅಕ್ಕೋರಿಗೆ ಫೋನ್ ಮಾಡಿದೆ. “ಅಡ್ಡಿಲ್ಲ. ಅವರ ಮಾತನ್ನ ಇದ್ದ ಹಾಗೇ ಬರ್ದು ಕಳ್ಸಿ, ನಿಮ್ಮ ಪ್ರಶ್ನೆ ಸಮೇತ” ಎಂದರು.

ಪ್ರಶ್ನೆ ಸಮೇತ. ಆ ಎರಡು ಪದಗಳು ನನ್ನ ಕೆಲಸ ಕೆಡಿಸಿದವು. ಮನೆಯಲ್ಲಿ ಕೂತು ರೆಕಾರ್ಡಿಂಗ್ ಕೇಳುತ್ತ, ಮಾತು ಮಾತಾಗಿ ಬರೆದುಕೊಳ್ಳತೊಡಗಿದೆ. ತಾಂಡೇಲರ ಸಂಭಾಷಣೆಯಲ್ಲಿ ‘ತಾಮ್ರ’ ಎಂಬ ಪದವನ್ನು ಮೊದಲು ಹೇಳಿದವನು ನಾನು. ಮೇಸ್ತ್ರಿಯ ಸಂಭಾಷಣೆಯಲ್ಲಿಯೂ ನಾನೇ. ಅದಕ್ಕೂ ಹೆಚ್ಚು ನಾಚಿಕೆ ತಂದದ್ದು ಇನ್ನೊಂದು: ಭಟ್ಕಳದಲ್ಲಿ ನನ್ನ ಪ್ರಶ್ನೆ “ತಾಮ್ರದ ತಗಡು, ತಾಮ್ರದ ಮೊಳೆ, ಹಾಗೆಲ್ಲ ಹೊಡೀತಿದ್ರಂತಲ್ಲ?” ಎಂದಿತ್ತು. ಮೊಳೆಯನ್ನು ಅವರ ಕೈಗೆ ಕೊಟ್ಟು, ಅವರು ವಾಪಸು ಕೊಟ್ಟಾಗ ಹಿಗ್ಗಿದ್ದೆ.

ಅನುಮಾನ ಒಂದು ಸಲ ಹೊಕ್ಕರೆ ನನಗೆ ಕೂರಲಾಗುವುದಿಲ್ಲ. ಬೆಳಿಗ್ಗೆಯೇ ಮತ್ತೆ ಕಾಸರಕೋಡಿಗೆ ಸ್ಕೂಟರ್ ಹತ್ತಿದೆ. ಒಂದು ಪರೀಕ್ಷೆ ಯೋಚಿಸಿಕೊಂಡಿದ್ದೆ.

“ಅಜ್ಜ, ಕೆಲವು ಮಚವೆಗೆ ಹಿತ್ತಾಳೆನೂ ಹೊಡೀತಿದ್ರಂತೆ?”

“ಹಿತ್ತಾಳೆನಾ? ಹೊಡೀತಿದ್ರು ಹೊಡೀತಿದ್ರು. ದೊಡ್ಡ ಸಾವ್ಕಾರ್ರದ್ದಕ್ಕೆ.”

ನನ್ನ ಮೊದಲ ಸಾಕ್ಷಿ ಅಲ್ಲಿಗೆ ಮುಗಿಯಿತು. ಆದರೂ ಪೂರ್ತಿ ಖಚಿತವಾಗಲಿ ಎಂದು ಇನ್ನೊಂದು ಹೆಜ್ಜೆ ಇಟ್ಟೆ. “ಬೆಳ್ಳಿ?”

ತಾಂಡೇಲರು ಉತ್ತರಕ್ಕೆ ಬಾಯಿ ತೆರೆಯುವುದರೊಳಗೆ ಅಂಗಳದಿಂದ ಅಜ್ಜಿಯ ದನಿ ಬಂತು. “ಬೆಳ್ಳಿ ನಂಗೊಂದು ಕಾಲುಂಗುರ ಮಾಡ್ಸಿಲ್ಲ ಈ ಮನ್ಷ, ದೋಣಿಗೆ ಹೊಡ್ದಾರಾ! ಎಂತ ಕೇಳ್ತ್ರಿ ಮಾಸ್ತರೆ ನೀವು? ಇವ್ರು ಬಂಗಾರಕ್ಕೂ ಹೌದು ಹೇಳ್ತ್ರು.”

ತಾಂಡೇಲರು ಬೊಚ್ಚು ಬಾಯಿ ತೆರೆದು ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಕೇಳಿದೆ, “ಅಜ್ಜ, ಹಾಗಾದ್ರೆ ತಾಮ್ರ?”

“ನಾ ನೋಡಿಲ್ಲ.”

“ಮತ್ತೆ ಮೊನ್ನೆ ಹೌದು ಅಂದ್ರಿ?”

“ನೀವು ಬಿಸ್ಲಲ್ಲಿ ಹೊಳೆ ದಾಟ್ಕಂಡು ಬಂದ್ರಿ, ಹೌದು ಆಗ್ಬೇಕು ಹೇಳೇ ಬಂದ್ರಿ. ಮನೆಗೆ ಬಂದವ್ರಿಗೆ ಇಲ್ಲ ಹೇಳಿ ಕಳ್ಸೂದು ಹೆಂಗೆ?”

ಇದರಲ್ಲಿ ಅವರ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಬಾಗಿಲಿಗೆ ಬಂದವನ ಮಾತನ್ನು ಮುರಿಯುವುದಿಲ್ಲ. ಆಸರಿಗೆ, ಅಂದರೆ ಕುಡಿಯಲು ಏನು ಬೇಕೆಂದು, ಕೇಳಿದ ಹಾಗೆಯೇ ‘ಹೌದು’ ಎನ್ನುವುದೂ ಒಂದು ಉಪಚಾರ. ನಾನೂ ಇದೇ ಊರಿನವನು, ನಾನೂ ಹಾಗೆಯೇ ಮಾಡುತ್ತೇನೆ. ಗೊತ್ತಿದ್ದೂ, ಬರುವ ಉತ್ತರವನ್ನು ಪ್ರಶ್ನೆಯೊಳಗೆ ಕಟ್ಟಿಕೊಂಡು ಹೋಗಿದ್ದೆ.

ಅಲ್ಲಿಯೇ, ಜಗಲಿಯ ಮೇಲೆ ಕೂತು ನಿರ್ಧಾರ ಮಾಡಿದೆ. ಹಿಂದಿನ ಎರಡೂ ಸಾಕ್ಷಿಗಳನ್ನು ತೆಗೆದುಹಾಕುವುದು. ಮೊದಲಿನಿಂದ ಕೇಳುವುದು. ತಾಮ್ರ, ತಳ, ತಗಡು, ಹುಳ – ಈ ಪದಗಳು ನನ್ನ ಬಾಯಿಂದ ಬರಬಾರದು. ವಸ್ತುವಿನ ಬಗ್ಗೆ ಕೇಳುವುದೇ ಬೇಡ, ಕೆಲಸದ ಬಗ್ಗೆ ಕೇಳುವುದು. ಒಂದು ತುದಿ ಹಿಡಿದುಕೊಟ್ಟು ಸುಮ್ಮನೆ ಕೂರುವುದು. ಹೀಗೆ ಮಾಡಿದರೆ ನನ್ನ ಮಚವೆ ಹೋಗಬಹುದು, ಅದರ ಪಕ್ಕದಲ್ಲಿ ನಿಂತವನೂ ಹೋಗಬಹುದು ಎಂದು ಗೊತ್ತಿತ್ತು. ಒಂದು ಕ್ಷಣ ಮೊಬೈಲನ್ನು ಕಿಸೆಗೆ ಹಾಕಿಕೊಂಡು ಎದ್ದುಬಿಡೋಣ ಎನಿಸಿದ್ದು ಸುಳ್ಳಲ್ಲ.

“ಅಜ್ಜ, ಮಳೆ ಹಿಡಿದ ಮೇಲೆ ಮಚವೆ ಎಂತ ಮಾಡ್ತಿದ್ರಿ?”

ತಾಂಡೇಲರ ಮುಖ ಬದಲಾಯಿತು. ಉಪಚಾರದ ನಗು ಹೋಗಿ ಕೆಲಸದ ಮುಖ ಬಂತು. “ಮಳೆ ಹಿಡಿದ ಮೇಲೆ ಅಲ್ಲ, ಮೊದ್ಲೇ. ಗಾಳಿ ತಿರುಗೂದ್ರೊಳಗೆ ಹೊಳೆ ಒಳಗೆ ಏರಿಸ್ಬೇಕು. ಶರಾವತಿ ಮೇಲೆ ಮೇಲೆ. ಮಳೆ ಬಂತೋ, ಹೊಳೆ ಪೂರಾ ಸಿಹಿನೀರು. ಉಪ್ಪು ಹೊರಗೆ ಹೋಯ್ತು. ಆ ನೀರಲ್ಲಿ ಮಚವೆ ನಿಂತ್ರೆ ಹುಳ ಸಾಯ್ತದೆ.”

ಹುಳ. ಅವರೇ ಹೇಳಿದರು. ನಾನು ಮೊಬೈಲನ್ನು ಅವರ ಹತ್ತಿರಕ್ಕೆ ಸರಿಸಿದೆ.

“ಎಂತಾ ಹುಳ ಅಂದ್ರೆ, ಮರ ತಿಂಬೂದು. ಉಪ್ಪುನೀರಿದ್ರೆ ರಾಜ, ಸಿಹಿನೀರು ತಾಗಿದ್ರೆ ಆತು, ಕಥೆ ಮುಗೀತು. ಮಳೆಗಾಲ ಇಡೀ ಅಲ್ಲೇ. ಚೌತಿ ಕಳ್ದ ಮೇಲೆ ಕೆಳಗೆ ತಂದು, ಭರತಕ್ಕೆ ದಂಡೆಗೆ ಎಳ್ದು, ಇಳಿತಕ್ಕೆ ವಾಲಿಸಿ, ಹಲಗೆ ಸಂದೀಲಿ ಹತ್ತಿ ತುಂಬೂದು. ಆಮೇಲೆ ಸುಣ್ಣ. ಸುಣ್ಣಕ್ಕೆ ತಾರ್ಲೆ ಎಣ್ಣೆ ಹಾಕಿ ಕಲ್ಸಿ ಬಳಿಯೂದು. ಬೆಳ್ಳಗೆ, ಮದುವೆ ಮನೆ ಗೋಡೆ ಹಂಗೆ.”

“ವಾಸ್ನೆ ಮಾತ್ರ ಮದುವೆ ಮನೇದಲ್ಲ” ಎಂದರು ಅಜ್ಜಿ. “ಮೂರು ಸಲ ಮೀಯಿಸಿದ್ರೂ ಈ ಮನ್ಷನ ಮೈಯಿಂದ ಹೋಗ್ತಿರ್ಲಿಲ್ಲ. ಚಾಪೆ ಹೊರಗೆ ಹಾಕ್ತಿದ್ದೆ.”

“ಹಾಕ್ತಿದ್ಳು. ಆದ್ರೂ ಮಕ್ಕಳು ಐದು ಆದ್ವು” ಎಂದರು ತಾಂಡೇಲರು. ಅಜ್ಜಿ ಒಂದು ಮುರುಗಲು ಸಿಪ್ಪೆ ಬೀಸಿ ಒಗೆದರು.

ಬೆಳ್ಳಗೆ. ಎಂದರೆ ತಳ ಕೆಂಪಗೆ ಇರಲಿಲ್ಲ. ಕೆಂಪಗೆ ಇದ್ದದ್ದು ಮೇಲಿನ ಪಕ್ಕೆಗಳು ಮಾತ್ರ ಎಂದರು ತಾಂಡೇಲರು. ಅದಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಹಚ್ಚುತ್ತಿದ್ದರು. ಇದನ್ನು ಕೇಳುತ್ತಿದ್ದಂತೆ ತಾರ್ಲೆ ಮೀನಿನ ಎಣ್ಣೆಯ ವಾಸನೆ, ಅಪ್ಪನ ಅಂಗಿಯ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಂದಂತಾಯಿತು. ನಾನು ಅದನ್ನು ಬರೆದುಕೊಂಡು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಈಗಷ್ಟೇ ಕೇಳಿದ ವಾಸನೆ ಇಷ್ಟು ಬೇಗ ನೆನಪಾಗುವುದನ್ನು ನಂಬಬಾರದು.

ಭಟ್ಕಳದ ಮೇಸ್ತ್ರಿಗೂ ಅದೇ ಪ್ರಶ್ನೆ ಕೇಳಿದೆ: ಮಳೆಗಾಲಕ್ಕೆ ದೋಣಿ ಎಂತ ಮಾಡ್ತಿದ್ರಿ? ಅವರು ಹೇಳಿದ್ದು ಬೇರೆಯೇ.

“ನಮ್ಮ ಹೊಳೆ ಸಣ್ಣದು ಸರ್. ದೊಡ್ಡ ದೋಣಿ ಒಳಗೆ ಹೋಗೂದಿಲ್ಲ. ನಾವು ದಂಡೆ ಮೇಲೇ ಎಳ್ದು, ತೆಂಗಿನ ಒಣ ಮಡ್ಲಿಗೆ ಬೆಂಕಿ ಕೊಟ್ಟು ದೋಣಿ ಅಡಿ ಕಾಸೂದು. ಹಲಗೆ ಕರಿ ಆಗ್ಬಾರ್ದು, ಹುಳ ಬದುಕ್ಬಾರ್ದು. ಅಷ್ಟು ಹದ ಬೇಕು. ನನ್ನ ಚಿಕ್ಕಪ್ಪ ಒಂದು ಸಲ ಮಾತಾಡ್ತಾ ನಿಂತ, ದೋಣಿಯೇ ಹೋಯ್ತು.” ಪಕ್ಕದಲ್ಲಿ ಬಲೆ ನೇಯುವವರು ಏನೋ ಹೇಳಿದರು. ಮೇಸ್ತ್ರಿ ನಗುತ್ತ ತಿಳಿಸಿದರು: “ಚಿಕ್ಕಪ್ಪನ ಮೀಸೆಯೂ ಹೋಯ್ತು ಹೇಳ್ತಾರೆ.”

ಮೊದಲ ಸಲ ಇಬ್ಬರೂ ಒಂದೇ ಮಾತು ಹೇಳಿದ್ದರು, ಯಾಕೆಂದರೆ ಅದು ನನ್ನ ಮಾತಾಗಿತ್ತು. ಈಗ ಒಬ್ಬರು ನೀರು ಎಂದರು, ಒಬ್ಬರು ಬೆಂಕಿ ಎಂದರು; ಹೊಳೆ ದೊಡ್ಡದಿದ್ದಲ್ಲಿ ಒಂದು, ಸಣ್ಣದಿದ್ದಲ್ಲಿ ಇನ್ನೊಂದು. ಈ ವ್ಯತ್ಯಾಸವೇ ನನಗೆ ಭರವಸೆ ಕೊಟ್ಟಿತು.

ಕುಮಟೆಗೆ ಹೋಗಿ ಎಲ್ಲವನ್ನೂ ಅಕ್ಕೋರ ಮುಂದಿಟ್ಟೆ. ಮೊದಲ ಸಲದ ಮಾತುಗಳನ್ನೂ ಮುಚ್ಚಿಡಲಿಲ್ಲ. ಬೆಳ್ಳಿಯ ಭಾಗ ಬಂದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಪೆನ್ಸಿಲ್ ನನ್ನ ಕೈಗೆ ಕೊಟ್ಟರು. “ನೀವೇ ಹೊಡ್ದು ಹಾಕಿ.”

ಹಳೆಯ ವಾಕ್ಯ ಹೊಡೆದು ಹಾಕಿದೆ. ಅದರ ಜಾಗದಲ್ಲಿ ಬರೆದೆ: ‘ನಮ್ಮ ಕಡೆ ಇದೇ ಹುಳದಿಂದ ದೋಣಿ ಉಳಿಸಲು ತಾಮ್ರ ಬಳಸಿದ್ದಕ್ಕೆ ನಮಗೆ ಸಾಕ್ಷಿ ಸಿಗಲಿಲ್ಲ. ಹೊನ್ನಾವರದಲ್ಲಿ ಮಳೆಗಾಲದ ಸಿಹಿನೀರಿಗೆ ಮಚವೆಯನ್ನು ಏರಿಸಿ ಹುಳವನ್ನು ಕೊಲ್ಲುತ್ತಿದ್ದರು. ಭಟ್ಕಳದಲ್ಲಿ ತೆಂಗಿನ ಮಡಲಿನ ಬೆಂಕಿಯಲ್ಲಿ ತಳ ಕಾಸುತ್ತಿದ್ದರು.’ ಪದದ ಅರ್ಥಕ್ಕೆ ‘ತಾಮ್ರತಳದ’ ಎಂದಿದ್ದದ್ದನ್ನೂ ತೆಗೆದು, ‘ಎಂಥ ನೀರಿಗೆ ಇಳಿಸಿದರೂ ನಿಲ್ಲುವ, ಪೂರ್ತಿ ನಂಬಬಹುದಾದ’ ಎಂದು ಹಾಕಿದೆ.

ಅಕ್ಕೋರು ಓದಿದರು. “ಅಡ್ಡಿಲ್ಲ” ಎಂದರು. ಅವರಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿಲ್ಲ. ‘ನಮ್ಮ ಕಡೆ’ ಪ್ಯಾರಾಗಳೆಲ್ಲ ಉಳಿದವು, ನಾನು ಪ್ರತಿಯೊಂದನ್ನೂ ಇದೇ ರೀತಿ ಮತ್ತೆ ಕೇಳಿ ಬರಬೇಕೆಂಬ ಷರತ್ತಿನ ಮೇಲೆ.

ಕೆಲಸ ಗೆದ್ದಿತ್ತು. ಆದರೂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಂಗೈ ನೋಡಿಕೊಳ್ಳುತ್ತ ಬಂದೆ. ತಾಮ್ರ ಇರಲಿಲ್ಲ ಎಂದ ಮೇಲೆ ಸುಟ್ಟ ಅಂಗೈಯೂ ಇರಲಿಲ್ಲ. ಅಂಗೈ ಇರಲಿಲ್ಲ ಎಂದರೆ ಅದನ್ನು ಹಿಡಿದವನು?

ಮನೆಯಲ್ಲಿ ಅಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ಹಲಸಿನ ಹಪ್ಪಳ ಒತ್ತುತ್ತಿದ್ದಳು. ಈ ಪ್ರಶ್ನೆಯನ್ನು ಅವಳಿಗೆ ನಾನು ಎಂದೂ ಕೇಳಿರಲಿಲ್ಲ. ಅಪ್ಪನ ವಿಷಯ ತೆಗೆದರೆ ಅವಳಿಗೆ ಬೇಸರವಾದೀತು ಎಂದುಕೊಂಡಿದ್ದೆ. ನಿಜವಾಗಿ ಹೆದರಿದ್ದು ನನ್ನ ಆ ಒಂದು ಚಿತ್ರಕ್ಕೆ ಯಾರಾದರೂ ಕೈ ಹಾಕಿಬಿಟ್ಟಾರೆಂದು. ಪಕ್ಕದಲ್ಲಿ ಕೂತು, ಹಿಟ್ಟಿನ ಉಂಡೆ ಮಾಡಿಕೊಡುತ್ತ, ಅದೇ ನಿಯಮ ಪಾಲಿಸಿದೆ. ದೋಣಿ ಎನ್ನಲಿಲ್ಲ, ತಾಮ್ರ ಎನ್ನಲಿಲ್ಲ.

“ಅಮ್ಮ, ಅಪ್ಪ ನನ್ನ ಯಾವಾಗಾದ್ರೂ ಬಂದರಕ್ಕೆ ಕರ್ಕೊಂಡು ಹೋಗಿದ್ನಾ?”

“ಒಂದ್ ಸಲ ಹೋಗಿದ್ರು. ನೀ ಕೈ ಸುಟ್ಕಂಡ ದಿನ.”

ನನ್ನ ಕೈಯಲ್ಲಿದ್ದ ಉಂಡೆ ಅಲ್ಲಿಯೇ ನಿಂತಿತು. ಏನೂ ಕೇಳದೆ ಕಾದೆ.

“ಉಂಡೆ ಮಾಡು, ಹಿಟ್ಟು ಒಣಗ್ತದೆ” ಎಂದು ಅಮ್ಮ ಮುಂದುವರಿಸಿದಳು. “ಬೆಳಿಗ್ಗೆ ಬಚ್ಚಲಲ್ಲಿ ನೀರು ಕಾಯ್ತಿತ್ತು. ನೀ ಹೋಗಿ ಹಂಡೆಗೆ ಅಂಗೈ ಒತ್ತಿಬಿಟ್ಟೆ. ಅವತ್ತೇ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ, ಹೊಳೀತಿತ್ತು, ಅದಕ್ಕೇ ಮುಟ್ಟಿದ್ದು ನೀನು. ಎಂತಾ ಕೂಗು! ಕೇರಿ ಪೂರಾ ಬಂತು. ನಿಮ್ಮಪ್ಪ ಅಂಗಿನೂ ಹಾಕ್ದೆ ಸೊಂಟಕ್ಕೆ ಏರ್ಸ್ಕಂಡು ಬಂದರಕ್ಕೆ ನಡ್ದ್ರು. ಮಚವೆ ತೋರ್ಸಿದ್ರೆ ಸುಮ್ನಾಗ್ತಾನೆ ಹೇಳಿ.”

“ನಾ ಸುಮ್ಮನಾದ್ನಾ?”

“ದಂಡೆ ಮೇಲೆ ಒಂದು ಮಚವೆ ಎಳ್ದಿದ್ರಂತೆ. ಆಗಷ್ಟೇ ಬಳ್ದಿದ್ದು, ಹಸಿ ಹಸಿ. ನಿನ್ನ ಕೈ ಅದಕ್ಕೆ ಒತ್ತಿ ಹಿಡಿದ್ರಂತೆ, ತಣ್ಣಗೆ ಆಗ್ಲಿ ಹೇಳಿ. ಕೂಡ್ಲೆ ಕೂಗು ನಿಂತಿತು ಅಂದ್ರು. ಅಪ್ಪ ಮಗ ಇಬ್ರೂ ಮೈಯೆಲ್ಲಾ ಬಿಳೀ ಮಾಡ್ಕಂಡು ಬಂದ್ರಿ. ತಾರ್ಲೆ ಎಣ್ಣೆ ವಾಸ್ನೆ! ಇಬ್ರನ್ನೂ ಒಳಗೇ ಬಿಟ್ಟಿಲ್ಲ ನಾನು.”

ಅಮ್ಮನ ಮಾತೂ ನೆನಪೇ, ಅದನ್ನೂ ಅನುಮಾನಿಸಬಹುದು. ನಾನು ಪ್ರಯತ್ನಿಸಿದೆ. ಆದರೆ ಸುಡುವ ಹೊಳಪನ್ನು ಅವಳ ಬಾಯಿಗೆ ನಾನು ಹಾಕಿರಲಿಲ್ಲ. ಬಿಳಿಯನ್ನೂ ಎಣ್ಣೆಯನ್ನೂ ಹಾಕಿರಲಿಲ್ಲ. ಕಾಸರಕೋಡಿಗೂ ನಮ್ಮ ಹಿತ್ತಿಲಿಗೂ ನಡುವೆ ಮಾತಾಡಿಕೊಂಡವರು ಯಾರೂ ಇಲ್ಲ. ಒಂದೇ ದಿನದ ಎರಡು ಸಂಗತಿಗಳನ್ನು ನಾನು ಒಂದೇ ತಗಡು ಮಾಡಿಕೊಂಡಿದ್ದೆ. ಸುಟ್ಟದ್ದು ತಾಮ್ರದ ಹಂಡೆ. ದೋಣಿ ತಣ್ಣಗಿತ್ತು. ಅಪ್ಪ ಕೈಯನ್ನು ಒತ್ತಿ ಹಿಡಿದದ್ದು ನಿಜ, ಆದರೆ ಉರಿ ಆರಲಿ ಎಂದು. ಇಷ್ಟು ವರ್ಷ ನಾನು ಇಟ್ಟುಕೊಂಡಿದ್ದ ಚಿತ್ರದಲ್ಲಿ ಅವನು ನನ್ನ ಕೈ ಸುಡಿಸುತ್ತಿದ್ದ.

ಸಾಯಂಕಾಲ ಅಕ್ಕೋರಿಗೆ ಫೋನಿನಲ್ಲಿ ಹೇಳಿದೆ. “ಇದನ್ನ ಪುಸ್ತಕಕ್ಕೆ ಹಾಕೂದಿಲ್ಲ” ಎಂದರು.

“ಬೇಡ.”

“ಸಾಕ್ಷಿ ಮಾತ್ರ ಚಲೋ ಇತ್ತು” ಎಂದು ಫೋನ್ ಇಟ್ಟರು.

ಆ ಹಂಡೆ ಈಗಲೂ ನಮ್ಮ ಬಚ್ಚಲಲ್ಲಿದೆ. ಅಮ್ಮನಿಗೆ ಗೀಸರಿನ ನೀರು ಮೈಗೆ ಹಿಡಿಯುವುದಿಲ್ಲ. ಹೋಗಿ ನೋಡಿದೆ. ಕೆಳಗೆ ತೆಂಗಿನ ಸಿಪ್ಪೆ ಉರಿಯುತ್ತಿತ್ತು, ಮಸಿಯ ಮೇಲುಗಡೆ ಕೆಂಪು ಹೊಟ್ಟೆ ಬೆಳಕಿಗೆ ಅಲ್ಲಾಡುತ್ತಿತ್ತು. ಅಂಗೈ ಚಾಚಿ, ಝಳ ತಾಗುವಷ್ಟು ಹತ್ತಿರ ಹಿಡಿದೆ.

“ಮುಟ್ಟಬೇಡ!” ಹಿತ್ತಿಲಿಂದ ಅಮ್ಮ ಕೂಗಿದಳು. “ಈ ಸಲ ಬಂದರಕ್ಕೆ ಕರ್ಕೊಂಡು ಹೋಗೂಕೆ ಯಾರೂ ಇಲ್ಲ.”